ಇಂಜಿನಿಯರಿಂಗ್ ಓದುವುದು ಹೇಗೆ: ಬೆಂಗಳೂರಿಗೆ ಬಂದಿಳಿದ ದಿನದಿಂದ ಕೊನೆಯ ವೈವಾ ತನಕ

ಮೊದಲ ಸೆಮಿಸ್ಟರಿನ ಗಣಿತದಲ್ಲಿ ನಾನು ಫೇಲಾಗಿದ್ದೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಊರಲ್ಲಿ ಗಣಿತ ಅಂದರೆ ನನ್ನ ಹೆಸರು ಹೇಳುತ್ತಿದ್ದರು. ಬೆಂಗಳೂರಿಗೆ ಬಂದು ಆರು ತಿಂಗಳಾಗುವಷ್ಟರಲ್ಲಿ ಅದೇ ಗಣಿತ ಕೈಕೊಟ್ಟಿತು. ಇಂಗ್ಲಿಷಿನ ಮೇಲೆ ತಪ್ಪು ಹೊರಿಸಿದೆ, ಮೇಷ್ಟ್ರ ಮೇಲೂ ಹೊರಿಸಿದೆ. ನಿಜವಾದ ಕಾರಣ ಗೊತ್ತಾಗಿದ್ದು ಮತ್ತೆ ಅದೇ ಪರೀಕ್ಷೆಗೆ ಓದಲು ಕೂತಾಗ. ಇಡೀ ಸೆಮಿಸ್ಟರಿನಲ್ಲಿ ಒಂದೇ ಒಂದು ಲೆಕ್ಕವನ್ನೂ ನೋಟ್ಸ್ ಮುಚ್ಚಿಟ್ಟು ಮಾಡಿರಲಿಲ್ಲ. ಬೋರ್ಡ್ ಮೇಲಿದ್ದದ್ದನ್ನು ಬರೆದುಕೊಂಡಿದ್ದೆ, ಬರೆದುಕೊಂಡದ್ದನ್ನು ಓದಿದ್ದೆ, ಓದುವಾಗ ಅರ್ಥವಾಗುತ್ತಿತ್ತು. ಪರೀಕ್ಷೆಯಲ್ಲಿ ಕೈ ಓಡಲಿಲ್ಲ, ಅಷ್ಟೇ.

ಈಗ ನಾನೇ ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತೇನೆ. ಪ್ರತಿ ವರ್ಷ ರಿಸಲ್ಟ್ ಬಂದ ಮರುದಿನ ಒಬ್ಬರಾದರೂ ಬಂದು, "ಸರ್, ಓದುವಾಗ ಎಲ್ಲಾ ಬರುತ್ತೆ, ಪೇಪರ್ ಕೈಗೆ ಕೊಟ್ಟರೆ ಏನೂ ಹೊಳೆಯಲ್ಲ" ಅನ್ನುತ್ತಾರೆ. "ಮುಚ್ಚಿಟ್ಟು ಬರೆದು ನೋಡಿದ್ಯಾ?" ಅಂತ ಕೇಳುತ್ತೇನೆ. ಬಹಳಷ್ಟು ಸಲ ಉತ್ತರ ಒಂದೇ: ತಲೆ ತಗ್ಗಿಸಿ ನಿಲ್ಲುತ್ತಾರೆ. ಅವರಿಗೆ ಕೂರಿಸಿ ಹೇಳುವುದನ್ನೆಲ್ಲ ಇಲ್ಲಿ ಬರೆದಿದ್ದೇನೆ, ಮೊದಲ ವಾರದಿಂದ ಹಿಡಿದು.

ಮೊದಲ ಹೆಜ್ಜೆ: ರೂಮು ಮತ್ತು ಸ್ಕೀಮು

ಸೀಟು ಸಿಕ್ಕ ಕೂಡಲೇ ಎಲ್ಲರೂ ಲ್ಯಾಪ್‌ಟಾಪ್ ಬಗ್ಗೆ ಕೇಳುತ್ತಾರೆ. ಅದಕ್ಕಿಂತ ಮೊದಲು ಎಲ್ಲಿ ಉಳಿದುಕೊಳ್ಳುತ್ತೀರಿ ಅನ್ನುವುದನ್ನು ತೀರ್ಮಾನಿಸಿ. ಹೆಬ್ಬಾಳದಲ್ಲಿ ಚಿಕ್ಕಪ್ಪನ ಮನೆ ಇದೆ, ಊಟಕ್ಕೆ ತೊಂದರೆ ಇಲ್ಲ ಅಂತ ಅಲ್ಲಿ ಉಳಿದುಕೊಂಡು ದಿನಾ ಕೆಂಗೇರಿ ಕಡೆಯ ಕಾಲೇಜಿಗೆ ಓಡಾಡಿದರೆ ಹೋಗಿ ಬರುವುದರಲ್ಲೇ ದಿನಕ್ಕೆ ಮೂರು ನಾಲ್ಕು ಗಂಟೆ ಕರಗುತ್ತದೆ. ವಾರಕ್ಕೆ ಆರು ದಿನ ಲೆಕ್ಕ ಹಾಕಿ. ಕಾಲೇಜಿಗೆ ನಡೆದು ಹೋಗುವಷ್ಟು ಹತ್ತಿರ, ಇಲ್ಲವಾದರೆ ಒಂದೇ ಬಸ್ಸಿನ ಅಥವಾ ಒಂದೇ ಮೆಟ್ರೋ ಮಾರ್ಗದ ದೂರದಲ್ಲಿ ಹಾಸ್ಟೆಲ್ಲೋ ಪಿಜಿಯೋ ನೋಡಿಕೊಳ್ಳಿ. ಬಾಡಿಗೆ ಸ್ವಲ್ಪ ಜಾಸ್ತಿ ಅನ್ನಿಸಿದರೂ ಮೊದಲ ವರ್ಷಕ್ಕೆ ಅದು ತಕ್ಕ ಖರ್ಚು. ಪಿಜಿ ನೋಡಲು ಹೋದಾಗ ಊಟ ಹೇಗಿದೆ ಅಂತ ಮಾತ್ರ ಕೇಳಬೇಡಿ, ರಾತ್ರಿ ಹನ್ನೊಂದರವರೆಗೆ ಕೂತು ಬರೆಯಲು ಒಂದು ಮೇಜು, ಸರಿಯಾದ ಲೈಟು ಇದೆಯೇ ನೋಡಿ. ಮಂಚದ ಮೇಲೆ ಕೂತು ಡಿರೈವೇಶನ್ ಬರೆಯಲು ಆಗುವುದಿಲ್ಲ.

ಹಾಸ್ಟೆಲ್ ಮತ್ತು ವಿದ್ಯಾರ್ಥಿವೇತನದ ಅರ್ಜಿಗಳನ್ನು ಮುಂದೂಡಬೇಡಿ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ, ಇವನ್ನು ಊರಲ್ಲಿರುವಾಗಲೇ ಸರಿಮಾಡಿಕೊಂಡು ಬನ್ನಿ. ಸೆಮಿಸ್ಟರ್ ನಡುವೆ ನಾಡಕಚೇರಿಗೆ ಅಂತ ಊರಿಗೆ ಓಡಿದರೆ ಎರಡು ದಿನದ ಪಾಠ ಹೋಗುತ್ತದೆ.

ಇನ್ನು ಸ್ಕೀಮು, ಅಂದರೆ ನಿಮ್ಮ ಬ್ಯಾಚಿಗೆ ಅನ್ವಯಿಸುವ ಸಿಲಬಸ್ಸು ಮತ್ತು ಪರೀಕ್ಷೆಯ ನಿಯಮಗಳು. ಬೆಂಗಳೂರಿನ ಕಾಲೇಜುಗಳಲ್ಲಿ ಬಹಳಷ್ಟು 1998ರಲ್ಲಿ ಶುರುವಾದ, ಬೆಳಗಾವಿಯಲ್ಲಿ ಕೇಂದ್ರ ಕಚೇರಿ ಇರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ, ಅಂದರೆ ವಿಟಿಯುಗೆ ಸೇರಿದವು. ಅದರಲ್ಲೂ ಆರ್.ವಿ., ಬಿ.ಎಂ.ಎಸ್., ರಾಮಯ್ಯದಂಥ ಸ್ವಾಯತ್ತ ಕಾಲೇಜುಗಳು ಸಿಲಬಸ್ಸು, ಪ್ರಶ್ನೆಪತ್ರಿಕೆ ತಾವೇ ಮಾಡಿಕೊಳ್ಳುತ್ತವೆ. ಕೆ.ಆರ್. ವೃತ್ತದ ಯುವಿಸಿಇ, ಸರ್ ಎಂ.ವಿ. ಅವರೇ 1917ರಲ್ಲಿ ಕಟ್ಟಿಸಿದ ಕಾಲೇಜು, ಈಗ ತನ್ನದೇ ಕಾಯ್ದೆಯಡಿ ನಡೆಯುತ್ತಿದೆ. ಖಾಸಗಿ ವಿಶ್ವವಿದ್ಯಾಲಯಗಳು ಬೇರೆಯೇ. ಆದ್ದರಿಂದ ಪಕ್ಕದ ರೂಮಿನ ಸೀನಿಯರ್ ಹೇಳಿದ ನಿಯಮ ನಿಮ್ಮದಾಗಿರಬೇಕಿಲ್ಲ. ನಿಮ್ಮ ಕಾಲೇಜಿನ ನಿಯಮಾವಳಿಯನ್ನು, ಪ್ರತಿ ಸಬ್ಜೆಕ್ಟಿನ ಸಿಲಬಸ್ಸನ್ನು ಮೊದಲ ವಾರದಲ್ಲೇ ಪ್ರಿಂಟ್ ತೆಗೆಸಿ ಪುಸ್ತಕಕ್ಕೆ ಅಂಟಿಸಿಕೊಳ್ಳಿ. ಮುಂದೆ ನಾನು ಕೊಡುವ ಅಂಕಿಗಳು ವಿಟಿಯುನ 2022ರ ಸ್ಕೀಮಿನವು, ನಿಮ್ಮ ಬ್ಯಾಚಿನ ಸ್ಕೀಮು ಬೇರೆಯಾಗಿದ್ದರೆ ಇವೂ ಬೇರೆ ಇರಬಹುದು.

ಆ ಸ್ಕೀಮಿನಲ್ಲಿ ಪದವಿಗೆ ಒಟ್ಟು 160 ಕ್ರೆಡಿಟ್, ಅಂದರೆ ಪಾಸಾದ ಸಬ್ಜೆಕ್ಟುಗಳಿಗೆ ಸಿಗುವ ಪಾಯಿಂಟು. ಪ್ರತಿ ಸಬ್ಜೆಕ್ಟಿಗೆ ಇಂಟರ್ನಲ್ಸ್ (ಸೆಮಿಸ್ಟರ್ ನಡುವೆ ಕಾಲೇಜಿನಲ್ಲೇ ಕೊಡುವ ಅಂಕ) 50, ಸೆಮಿಸ್ಟರ್ ಕೊನೆಯ ಪರೀಕ್ಷೆ 50. ಕೊನೆಯ ಪರೀಕ್ಷೆಯನ್ನು ನೂರು ಅಂಕಕ್ಕೆ ಬರೆಸಿ ಐವತ್ತಕ್ಕೆ ಇಳಿಸುತ್ತಾರೆ. ಇಂಟರ್ನಲ್ಸಿನಲ್ಲಿ ಕನಿಷ್ಠ 20, ಪರೀಕ್ಷೆಯಲ್ಲಿ ಕನಿಷ್ಠ 18, ಎರಡೂ ಸೇರಿ 40 ಬರಬೇಕು. ಈಗ 20 ಮತ್ತು 18 ಕೂಡಿಸಿ ನೋಡಿ, 38 ಆಯಿತು, ಪಾಸಾಗಲಿಲ್ಲ. ಎರಡರಲ್ಲೂ ಅಂಚಿನಲ್ಲಿ ನಿಂತವರು ಹೀಗೆ ಬೀಳುತ್ತಾರೆ. ಅದೇ ಇಂಟರ್ನಲ್ಸಿನಲ್ಲಿ 40 ಇಟ್ಟುಕೊಂಡವನು ಪರೀಕ್ಷೆಯ ಹಾಲಿಗೆ ಹೋಗುವಾಗ ಎದೆ ಹಗುರವಾಗಿರುತ್ತದೆ. ಹಾಜರಾತಿ ಶೇಕಡಾ 85 ಬೇಕು. ನಲವತ್ತು ಗಂಟೆಯ ಸಬ್ಜೆಕ್ಟಿನಲ್ಲಿ ಆರು ಗಂಟೆ ಮಾತ್ರ ತಪ್ಪಿಸಬಹುದು ಅಂತ ಅರ್ಥ. ಊರ ಹಬ್ಬ, ಅಕ್ಕನ ಮದುವೆ, ಒಂದು ಜ್ವರ, ಅಲ್ಲಿಗೆ ಆ ಆರೂ ಮುಗಿದವು. ಹಾಗಾಗಿ ಸುಮ್ಮನೆ ಕ್ಲಾಸ್ ಬಂಕ್ ಮಾಡಬೇಡಿ.

ಎರಡನೇ ಹೆಜ್ಜೆ: ಅವತ್ತಿನದು ಅವತ್ತೇ, ಮುಚ್ಚಿಟ್ಟು

ಇದೊಂದನ್ನು ಹಿಡಿದುಕೊಂಡರೆ ಉಳಿದದ್ದು ತಾನಾಗಿ ದಾರಿಗೆ ಬರುತ್ತದೆ. ಸಂಜೆ ರೂಮಿಗೆ ಬಂದು ಕಾಫಿ ಕುಡಿದ ಮೇಲೆ ಅವತ್ತು ನಡೆದ ಪ್ರತಿ ಕ್ಲಾಸಿನಿಂದ ಒಂದು ಲೆಕ್ಕ ಅಥವಾ ಒಂದು ಡಿರೈವೇಶನ್ ಆರಿಸಿ. ಪ್ರಶ್ನೆಯನ್ನು ಮಾತ್ರ ಖಾಲಿ ಹಾಳೆಯ ಮೇಲೆ ಬರೆದುಕೊಳ್ಳಿ. ನೋಟ್‌ಬುಕ್ ಮುಚ್ಚಿ ಕೈಗೆ ಸಿಗದಷ್ಟು ದೂರ ಇಡಿ. ಬರೆಯಲು ಶುರುಮಾಡಿ. ಎಲ್ಲಿ ನಿಲ್ಲುತ್ತೀರೋ ಅಲ್ಲಿ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯಿರಿ. ಹತ್ತು ನಿಮಿಷ ತಿಣುಕಿ. ಆಮೇಲೂ ಬರದಿದ್ದರೆ ಪುಸ್ತಕ ತೆಗೆದು ಆ ಒಂದು ಸಾಲನ್ನಷ್ಟೇ ನೋಡಿ, ಮತ್ತೆ ಮುಚ್ಚಿ ಮುಂದುವರಿಯಿರಿ.

ಒಂದು ಉದಾಹರಣೆ. ಮೊದಲ ಸೆಮಿಸ್ಟರಿನಲ್ಲಿ ಮೆಕ್ಲಾರಿನ್ ಸರಣಿ ಬರುತ್ತದೆ, ಅಂದರೆ ಒಂದು ಫಂಕ್ಷನ್ನನ್ನು ಮತ್ತೆ ಮತ್ತೆ ಡಿಫರೆನ್ಷಿಯೇಟ್ ಮಾಡಿ ಎಕ್ಸ್‌ನ ಘಾತಗಳ ಮೊತ್ತವಾಗಿ ಬರೆಯುವುದು. "ಒಂದು ಪ್ಲಸ್ ಸೈನ್ 2ಎಕ್ಸ್, ಇದರ ವರ್ಗಮೂಲವನ್ನು ಎಕ್ಸ್‌ನ ನಾಲ್ಕನೇ ಘಾತದವರೆಗೆ ವಿಸ್ತರಿಸಿ" ಅನ್ನುವುದು ಪದೇ ಪದೇ ಕಾಣುವ ಲೆಕ್ಕ. ಹಾಗೇ ನಾಲ್ಕು ಸಲ ಡಿಫರೆನ್ಷಿಯೇಟ್ ಮಾಡಲು ಹೊರಟರೆ ಎರಡನೇ ಸಲಕ್ಕೇ ಹಾಳೆ ತುಂಬುತ್ತದೆ, ಮೂರನೇ ಸಲಕ್ಕೆ ಒಂದು ಮೈನಸ್ ಕಳೆದುಹೋಗುತ್ತದೆ. ಬೋರ್ಡ್ ಮೇಲೆ ಮೇಷ್ಟ್ರು ಮೊದಲ ಸಾಲಿನಲ್ಲೇ ಒಂದು ಕೆಲಸ ಮಾಡಿರುತ್ತಾರೆ: ಒಳಗಿರುವ 1 ಅನ್ನು ಸೈನ್ ವರ್ಗ ಪ್ಲಸ್ ಕಾಸ್ ವರ್ಗ ಅಂತ ಬಿಡಿಸಿ, ಸೈನ್ 2ಎಕ್ಸ್ ಅನ್ನು ಎರಡು ಸೈನ್ ಕಾಸ್ ಅಂತ ಬರೆದು, ಒಳಗಿನದ್ದೆಲ್ಲ ಸೈನ್ ಪ್ಲಸ್ ಕಾಸ್‌ನ ವರ್ಗ ಅಂತ ತೋರಿಸುತ್ತಾರೆ. ವರ್ಗಮೂಲ ಹೋಯಿತು, ಉಳಿದದ್ದು ಸೈನ್ ಎಕ್ಸ್ ಪ್ಲಸ್ ಕಾಸ್ ಎಕ್ಸ್. ಅದನ್ನು ಎಷ್ಟು ಸಲ ಡಿಫರೆನ್ಷಿಯೇಟ್ ಮಾಡಿದರೂ ಒಂದೇ ಸಾಲು. ಬೋರ್ಡ್ ನೋಡಿ ಬರೆದುಕೊಳ್ಳುವಾಗ ಆ ಮೊದಲ ಸಾಲು ಕಣ್ಣಿಗೆ ಬೀಳುವುದೇ ಇಲ್ಲ, ಸಹಜವಾಗಿ ಬಂತು ಅನ್ನಿಸುತ್ತದೆ. ರಾತ್ರಿ ಮುಚ್ಚಿಟ್ಟು ಮಾಡಲು ಕೂತಾಗ ಅಲ್ಲೇ ನಿಲ್ಲುತ್ತೀರಿ, ಕೆಂಪು ಗೆರೆ ಅಲ್ಲೇ ಬೀಳುತ್ತದೆ. ಹಾಗೆ ನಿಂತು ಒದ್ದಾಡಿ ತಿಳಿದುಕೊಂಡ ಸಾಲು ಪರೀಕ್ಷೆಯ ದಿನ ಕೈಗೆ ಬರುತ್ತದೆ.

ಇದಕ್ಕೆ ದಿನಕ್ಕೆ ಒಂದೂವರೆ ಗಂಟೆ ಸಾಕು. ಭಾನುವಾರ ಕೆಂಪು ಗೆರೆ ಬಿದ್ದ ಹಾಳೆಗಳನ್ನಷ್ಟೇ ತೆಗೆದು ಮತ್ತೊಮ್ಮೆ ಮಾಡಿ. ಹೊಸ ಲೆಕ್ಕ ಬೇಡ. ಮೂರು ವಾರ ಬಿಟ್ಟು ಆ ಹಾಳೆಗಳನ್ನು ಮತ್ತೆ ನೋಡಿ. ಗೆರೆ ಬಿದ್ದ ಜಾಗ ಕಡಿಮೆಯಾಗುತ್ತಾ ಬರುವುದನ್ನು ಕಣ್ಣಾರೆ ಕಂಡಾಗ ಬರುವ ಧೈರ್ಯವನ್ನು ಯಾವ ಟ್ಯೂಶನ್ನೂ ಕೊಡಲಾರದು.

ಪುಸ್ತಕಕ್ಕೆ ದುಡ್ಡು ಸುರಿಯಬೇಕಿಲ್ಲ. ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಲ್ಲಿ ಇಂಜಿನಿಯರಿಂಗ್ ಪುಸ್ತಕಗಳು ರಾಶಿ ಬಿದ್ದಿರುತ್ತವೆ. ಗಣಿತ, ಮೆಕ್ಯಾನಿಕ್ಸ್, ಸರ್ಕ್ಯೂಟ್‌ಗಳಿಗೆ ಹಿಂದಿನ ಆವೃತ್ತಿಯಾದರೂ ನಡೆಯುತ್ತದೆ. ಜೆರಾಕ್ಸ್ ಅಂಗಡಿಯ ನೋಟ್ಸನ್ನು ಮಾತ್ರ ನಂಬಿಕೊಂಡು ಕೂರಬೇಡಿ, ಅದರಲ್ಲಿ ಉತ್ತರ ಇರುತ್ತದೆ, ಆ ಉತ್ತರ ಯಾಕೆ ಅನ್ನುವುದು ಇರುವುದಿಲ್ಲ. ಭಾನುವಾರ ಪಿಜಿಯಲ್ಲಿ ಗಲಾಟೆ ಇದ್ದರೆ ಕಾಲೇಜು ಲೈಬ್ರರಿಗೋ, ಬಡಾವಣೆಯ ಸಾರ್ವಜನಿಕ ಗ್ರಂಥಾಲಯಕ್ಕೋ ಹೋಗಿ ಕೂತುಕೊಳ್ಳಿ.

ಮೂರನೇ ಹೆಜ್ಜೆ: ಕನ್ನಡವನ್ನು ಬಿಡದೆ ಇಂಗ್ಲಿಷ್ ಹಿಡಿಯುವುದು

ಕನ್ನಡ ಮಾಧ್ಯಮದಿಂದ ಬಂದವರಿಗೆ ಇದನ್ನು ಒತ್ತಿ ಹೇಳುತ್ತೇನೆ. ನಿಮಗೆ ವಿಷಯ ಗೊತ್ತಿಲ್ಲ ಅಂತಲ್ಲ, ಗೊತ್ತಿರುವ ವಿಷಯಕ್ಕೆ ಇಲ್ಲಿ ಬೇರೆ ಹೆಸರಿದೆ. ಅಕ್ಸಲರೇಶನ್ ಅಂದರೆ ನೀವು ಹತ್ತನೇ ತರಗತಿಯೊಳಗೆ ಓದಿದ ವೇಗೋತ್ಕರ್ಷ. ಮೊಮೆಂಟಮ್ ಅಂದರೆ ಸಂವೇಗ. ರೆಸಿಸ್ಟೆನ್ಸ್ ರೋಧ, ಪೊಟೆನ್ಷಿಯಲ್ ಡಿಫರೆನ್ಸ್ ವಿಭವಾಂತರ, ಇನರ್ಷಿಯಾ ಜಡತ್ವ. ಜಡತ್ವ ಅನ್ನುವ ಪದದೊಳಗೇ ಅರ್ಥ ಇದೆ: ಜಡವಾಗಿರುವುದು, ಇದ್ದ ಸ್ಥಿತಿ ಬಿಡಲು ಒಪ್ಪದಿರುವುದು. ಆ ಅರ್ಥ ನಿಮಗೆ ಮೊದಲೇ ಸಿಕ್ಕಿದೆ, ಅದನ್ನು ಯಾಕೆ ಎಸೆಯಬೇಕು?

ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪುಟದ ನಡುವೆ ಗೆರೆ ಎಳೆದು ಎಡಕ್ಕೆ ಕ್ಲಾಸಿನಲ್ಲಿ ಕೇಳಿದ ಇಂಗ್ಲಿಷ್ ಪದ, ಬಲಕ್ಕೆ ಅದರ ಅರ್ಥ ನಿಮ್ಮದೇ ಕನ್ನಡದಲ್ಲಿ, ಒಂದು ಸಾಲು. ಪಾರಿಭಾಷಿಕ ಪದ ಗೊತ್ತಿಲ್ಲದಿದ್ದರೆ ಅಮ್ಮನಿಗೆ ಹೇಳುವಂತೆ ಬರೆಯಿರಿ. ಸ್ಟ್ರೆಸ್ ಮತ್ತು ಸ್ಟ್ರೇನ್ ಎರಡನ್ನೂ ಕಲಸಿಕೊಳ್ಳುತ್ತಿದ್ದ ಹುಡುಗಿಯೊಬ್ಬಳು ತನ್ನ ಪುಸ್ತಕದಲ್ಲಿ, "ಸ್ಟ್ರೆಸ್: ಒಂದಿಷ್ಟು ಜಾಗದ ಮೇಲೆ ಒಳಗೊಳಗೇ ಎಷ್ಟು ಒತ್ತಡ ಬಿದ್ದಿದೆ. ಸ್ಟ್ರೇನ್: ಅದರಿಂದ ಉದ್ದದ ಎಷ್ಟನೇ ಪಾಲು ಹಿಗ್ಗಿತು" ಅಂತ ಬರೆದುಕೊಂಡಿದ್ದಳು. ಅವಳು ಮತ್ತೆಂದೂ ಅವೆರಡನ್ನು ಅದಲುಬದಲು ಮಾಡಲಿಲ್ಲ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಮಂಡಳಿ ಎಐಸಿಟಿಇ ಮೊದಲ ವರ್ಷದ ಪಠ್ಯಗಳನ್ನು ಕನ್ನಡದಲ್ಲೂ ತಂದು ಇ-ಕುಂಭ್ ಪೋರ್ಟಲ್‌ನಲ್ಲಿ ಉಚಿತವಾಗಿ ಇಟ್ಟಿದೆ. ಇಂಗ್ಲಿಷ್ ಪುಸ್ತಕದ ಪಕ್ಕದಲ್ಲಿ ಅದನ್ನೂ ತೆರೆದಿಟ್ಟುಕೊಂಡು ಓದಿ.

ಆದರೆ ಉತ್ತರ ಬರೆಯುವ ಅಭ್ಯಾಸ ಇಂಗ್ಲಿಷಿನಲ್ಲೇ ಇರಲಿ. ಅದಕ್ಕೆ ದೊಡ್ಡ ಇಂಗ್ಲಿಷ್ ಬೇಕಿಲ್ಲ, ಚಿಕ್ಕ ಚಿಕ್ಕ ವಾಕ್ಯ ಸಾಕು. ದಿನಕ್ಕೆ ಒಂದು ವ್ಯಾಖ್ಯೆಯನ್ನು ನಿಮ್ಮದೇ ಇಂಗ್ಲಿಷಿನಲ್ಲಿ ಮೂರು ವಾಕ್ಯದಲ್ಲಿ ಬರೆದು ಯಾರಿಗಾದರೂ ತೋರಿಸಿ. ಕ್ಲಾಸಿನಲ್ಲಿ ಸಂದೇಹ ಕೇಳಲು ನಾಲಿಗೆ ಏಳದಿದ್ದರೆ ಕ್ಲಾಸ್ ಮುಗಿದ ಮೇಲೆ ಹೋಗಿ, "ಸರ್, ಕನ್ನಡದಲ್ಲಿ ಕೇಳ್ಲಾ?" ಅನ್ನಿ. ನನ್ನ ಮೊದಲ ವರ್ಷದಲ್ಲಿ ಹಾಗೆ ಕೇಳಿದಾಗ ಮೇಡಂ ಒಬ್ಬರು ಕಾರಿಡಾರಿನಲ್ಲೇ ನಿಂತು ಇಪ್ಪತ್ತು ನಿಮಿಷ ವಿವರಿಸಿದ್ದರು. ಇವತ್ತು ನನ್ನ ಬಳಿ ಯಾರಾದರೂ ಹಾಗೆ ಕೇಳಿದರೆ ನಾನು ನಿಂತೇ ನಿಲ್ಲುತ್ತೇನೆ.

ನಾಲ್ಕನೇ ಹೆಜ್ಜೆ: ಕೈಯಿಂದ ಮಾಡಿ ನೋಡುವುದು

ಲ್ಯಾಬ್ ಅಂದರೆ ರೆಕಾರ್ಡ್ ಬರೆಯುವುದು ಅಂತ ಆಗಿಬಿಟ್ಟಿದೆ. ಸೀನಿಯರ್‌ಗಳ ರೆಕಾರ್ಡಿನಿಂದ ರೀಡಿಂಗ್ ಇಳಿಸಿಕೊಂಡರೆ ಸಹಿ ಸಿಗುತ್ತದೆ, ವಿದ್ಯೆ ಸಿಗುವುದಿಲ್ಲ. ಬ್ರಾಂಚ್ ಯಾವುದೇ ಇರಲಿ, ಮೊದಲ ವರ್ಷದಲ್ಲಿ ಒಂದು ಪ್ರಯೋಗವನ್ನು ನಿಮ್ಮ ರೂಮಿನಲ್ಲೇ ಮಾಡಿ.

ಟೌನ್ ಹಾಲ್ ಹತ್ತಿರದ ಎಸ್.ಪಿ. ರಸ್ತೆಗೆ ಹೋಗಿ. ಬಿಡಿಭಾಗ ಮಾರುವ ಅಂಗಡಿಯಲ್ಲಿ ಒಂದು ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ಬಿಡಿಭಾಗ ಜೋಡಿಸುವ ಹಲಗೆ), 100 ಕಿಲೋ ಓಮ್‌ನ ರೆಸಿಸ್ಟರ್, 100 ಮೈಕ್ರೋಫ್ಯಾರಡ್ 25 ವೋಲ್ಟಿನ ಕೆಪಾಸಿಟರ್, ಒಂಬತ್ತು ವೋಲ್ಟಿನ ಬ್ಯಾಟರಿ, ಅದರ ಕ್ಲಿಪ್ಪು, ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್ ತೆಗೆದುಕೊಳ್ಳಿ. ರೆಸಿಸ್ಟರ್, ಕೆಪಾಸಿಟರ್ ಎರಡನ್ನೂ ಒಂದರ ಹಿಂದೆ ಒಂದು ಜೋಡಿಸಿ. ಕೆಪಾಸಿಟರ್ ಮೈಮೇಲೆ ಮೈನಸ್ ಪಟ್ಟಿ ಇರುವ ಕಾಲು ಬ್ಯಾಟರಿಯ ಮೈನಸ್ ಕಡೆಗೇ ಬರಬೇಕು, ಇದನ್ನು ಎರಡು ಸಲ ನೋಡಿಕೊಳ್ಳಿ. ವೋಲ್ಟ್ ಅಳೆಯುವಂತೆ ಇಟ್ಟ ಮೀಟರಿನ ಎರಡು ತಂತಿಗಳನ್ನು ಕೆಪಾಸಿಟರ್‌ನ ಎರಡು ಕಾಲಿಗೆ ಜೋಡಿಸಿ, ಬ್ಯಾಟರಿ ಜೋಡಿಸಿ, ಫೋನಿನಲ್ಲಿ ಸ್ಟಾಪ್‌ವಾಚ್ ಒತ್ತಿ.

ಅಂಕಿ ಮೊದಲು ಸರಸರ ಏರುತ್ತದೆ, ಆಮೇಲೆ ನಿಧಾನ, ಇನ್ನೂ ನಿಧಾನ. ರೋಧವನ್ನು ಕೆಪಾಸಿಟೆನ್ಸ್‌ನಿಂದ ಗುಣಿಸಿದರೆ ಹತ್ತು ಸೆಕೆಂಡ್ ಬರುತ್ತದೆ. ಹತ್ತನೇ ಸೆಕೆಂಡಿಗೆ ಒಂಬತ್ತು ವೋಲ್ಟಿನ ಶೇಕಡಾ 63, ಅಂದರೆ 5.7 ವೋಲ್ಟ್ ಆಸುಪಾಸು ಇರಬೇಕು. ಇಪ್ಪತ್ತನೇ ಸೆಕೆಂಡಿಗೆ 7.8. ಐವತ್ತನೇ ಸೆಕೆಂಡಿಗೆ ಹೆಚ್ಚುಕಡಿಮೆ ತುಂಬಿರುತ್ತದೆ. ನಿಮ್ಮ ಮೀಟರ್ ಇಷ್ಟೇ ತೋರಿಸದಿದ್ದರೆ ಗಾಬರಿ ಬೇಡ. ಈ ಬಗೆಯ ಕೆಪಾಸಿಟರ್‌ಗಳ ಕೆಪಾಸಿಟೆನ್ಸ್ ಶೇಕಡಾ 20ರಷ್ಟು ಆಚೀಚೆ ಇರುವುದು ಮಾಮೂಲು. ಹೊಸ ಬ್ಯಾಟರಿಯೂ ಸರಿಯಾಗಿ ಒಂಬತ್ತೇ ಇರುವುದಿಲ್ಲ, ಮೊದಲೇ ಅಳೆದಿಟ್ಟುಕೊಳ್ಳಿ. ಮತ್ತೊಮ್ಮೆ ಮಾಡುವ ಮುಂಚೆ ಬ್ಯಾಟರಿ ಬಿಡಿಸಿ, ರೆಸಿಸ್ಟರ್‌ನ ಬಿಟ್ಟ ತುದಿಯನ್ನು ಕೆಪಾಸಿಟರ್‌ನ ಮೈನಸ್ ಕಾಲಿಗೆ ಜೋಡಿಸಿ, ಅದರ ಮೂಲಕ ಕೆಪಾಸಿಟರ್ ಪೂರ್ತಿ ಖಾಲಿಯಾಗಲು ಬಿಡಿ.

ಈಗ ಗಣಿತದ ಪುಸ್ತಕ ತೆಗೆಯಿರಿ. "ಬದಲಾಗುವ ವೇಗವು ಇನ್ನೂ ಎಷ್ಟು ಬಾಕಿ ಇದೆಯೋ ಅದಕ್ಕೆ ತಕ್ಕಂತೆ" ಅನ್ನುವ ಡಿಫರೆನ್ಷಿಯಲ್ ಸಮೀಕರಣ ಅಲ್ಲಿದೆ. ಮೊದಲು ಸರಸರ ಆಮೇಲೆ ನಿಧಾನ ಏರಿದ್ದು ಅದಕ್ಕೇ, ತುಂಬಲು ಬಾಕಿ ಕಡಿಮೆಯಾದಷ್ಟೂ ವೇಗವೂ ಕಡಿಮೆ. ಬಿಸಿ ಕಾಫಿ ಆರುವುದಕ್ಕೂ ಇದೇ ಸಮೀಕರಣ. ಎಂ1, ಎಂ2 ಅಂತ ಹೆದರಿಸುವ ಗಣಿತ, ಎಲೆಕ್ಟ್ರಾನಿಕ್ಸು, ಶಾಖದ ಪಾಠ, ಮೂರೂ ನಿಮ್ಮ ಮೇಜಿನ ಮೇಲೆ ಒಂದಾಗುತ್ತವೆ. ಮೆಕ್ಯಾನಿಕಲ್‌ನವರು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಇಂಜಿನ್ ವಿಭಾಗದಲ್ಲಿ ಅರ್ಧ ದಿನ ಕಳೆದು ಬನ್ನಿ. ಸಿವಿಲ್‌ನವರು ಮೆಟ್ರೋ ಕಾಮಗಾರಿ ನಡೆಯುವ ರಸ್ತೆಯ ಬದಿ ನಿಂತು ಕಂಬಕ್ಕೆ ಕಟ್ಟುವ ಕಂಬಿಗಳನ್ನು ನೋಡಿ. ಕಂಪ್ಯೂಟರ್ ಸೈನ್ಸಿನವರು ಲ್ಯಾಬ್ ಪ್ರೋಗ್ರಾಮನ್ನು ಬಾಯಿಪಾಠ ಮಾಡುವ ಬದಲು, ಓಡುವ ಪ್ರೋಗ್ರಾಮಿನ ಒಂದು ಸಾಲನ್ನು ಬೇಕಂತಲೇ ಕೆಡಿಸಿ ಏನಾಗುತ್ತದೆ ನೋಡಿ.

ಐದನೇ ಹೆಜ್ಜೆ: ಪರೀಕ್ಷೆ

ಪ್ರಶ್ನೆಪತ್ರಿಕೆಯ ಅಚ್ಚು ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಐದು ಮಾಡ್ಯೂಲ್, ಅಂದರೆ ಸಿಲಬಸ್ಸಿನ ಐದು ಭಾಗ, ಪ್ರತಿಯೊಂದರಿಂದ ಇಪ್ಪತ್ತು ಅಂಕದ ಎರಡು ಪೂರ್ಣ ಪ್ರಶ್ನೆ, ಅದರಲ್ಲಿ ಒಂದನ್ನು ಬರೆಯಬೇಕು. ಮೂರು ಗಂಟೆ. ಒಂದು ಪೂರ್ಣ ಪ್ರಶ್ನೆಗೆ 33 ನಿಮಿಷ ಇಟ್ಟುಕೊಂಡರೆ ಕೊನೆಗೆ ಕಾಲು ಗಂಟೆ ಉಳಿಯುತ್ತದೆ. ಯಾವ ಮಾಡ್ಯೂಲನ್ನೂ ಪೂರ್ತಿ ಬಿಡಬೇಡಿ, ಬಿಟ್ಟರೆ ಇಪ್ಪತ್ತು ಅಂಕ ಕೂತಲ್ಲೇ ಹೋಯಿತು. ಪ್ರತಿ ಉಪಪ್ರಶ್ನೆಯ ಪಕ್ಕ ಅಂಕದ ಜೊತೆ ಎಲ್2, ಎಲ್3 ಅಂತ ಇರುತ್ತದೆ. ಎಲ್2 ಅಂದರೆ ಅರ್ಥಮಾಡಿಕೊಂಡು ವಿವರಿಸುವುದು, ಎಲ್3 ಅಂದರೆ ಕಲಿತದ್ದನ್ನು ಹೊಸ ಲೆಕ್ಕಕ್ಕೆ ಬಳಸುವುದು. ಹಳೆ ಪತ್ರಿಕೆ ಬಿಡಿಸುವಾಗ ಸಬ್ಜೆಕ್ಟಿನ ಕೋಡ್ ನೋಡಿಕೊಳ್ಳಿ. 2022ರ ಸ್ಕೀಮಿನ ಕೋಡ್ ಬಿ ಅಕ್ಷರದಿಂದ ಶುರುವಾಗುತ್ತದೆ, 18 ಅಥವಾ 21 ಅಂತಿದ್ದರೆ ಅದು ಹಿಂದಿನ ಸ್ಕೀಮು, ಸಿಲಬಸ್ ಬೇರೆ ಇರಬಹುದು. ಕೊನೆಯ ಹದಿನೈದು ದಿನದಲ್ಲಿ ಪ್ರತಿ ಸಬ್ಜೆಕ್ಟಿನ ಒಂದು ಹಳೆ ಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು, ಮಧ್ಯೆ ಏಳದೆ, ಮೂರು ಗಂಟೆ ಕೂತು ಬರೆಯಿರಿ. ಮೂರು ಗಂಟೆ ಬರೆದರೆ ಬೆರಳು ನೋಯುತ್ತದೆ ಅನ್ನುವುದು ಕೂಡ ಆಗಲೇ ಗೊತ್ತಾಗುವುದು.

ಉತ್ತರದಲ್ಲಿ ಚಿತ್ರ ಪೆನ್ಸಿಲಿನಲ್ಲಿ, ಅಚ್ಚುಕಟ್ಟಾಗಿ. ಸೂತ್ರವನ್ನು ಬರೆದು ಆಮೇಲೆ ಬೆಲೆ ಹಾಕಿ, ಕೊನೆಯಲ್ಲಿ ಏಕಮಾನ ಬರೆಯಿರಿ. ಉತ್ತರ ತಪ್ಪಾದರೂ ಹೆಜ್ಜೆಗಳಿಗೆ ಅಂಕ ಸಿಗುತ್ತದೆ, ನಾನೂ ಮೌಲ್ಯಮಾಪನಕ್ಕೆ ಹೋಗುವವನೇ.

ಸಬ್ಜೆಕ್ಟ್ ಹೋದರೆ

ಮನೆಯಲ್ಲಿ ಅವತ್ತೇ ಹೇಳಿ. ನಾನು ಎರಡು ತಿಂಗಳು ಮುಚ್ಚಿಟ್ಟಿದ್ದೆ, ಆ ಎರಡು ತಿಂಗಳು ಓದಲೂ ಆಗಲಿಲ್ಲ, ನಿದ್ದೆಯೂ ಬರಲಿಲ್ಲ. ಕೊನೆಗೆ ಹೇಳಿದಾಗ ಅಪ್ಪ, "ಮತ್ತೆ ಬರಿ ಮಗಾ, ಅದಕ್ಕೇನಂತೆ" ಅಂದರು. ಉತ್ತರಪತ್ರಿಕೆಯ ಜೆರಾಕ್ಸ್ ಪ್ರತಿ ತರಿಸಿಕೊಳ್ಳಲು, ಮರುಮೌಲ್ಯಮಾಪನಕ್ಕೆ ಹಾಕಲು ಅವಕಾಶ ಇದೆ, ಕೊನೆಯ ದಿನಾಂಕ ನೋಡಿಕೊಳ್ಳಿ. ಪ್ರತಿ ಕೈಗೆ ಬಂದಾಗ ಎಲ್ಲಿ ಅಂಕ ಹೋಯಿತು ಅಂತ ಆ ಸಬ್ಜೆಕ್ಟಿನ ಮೇಷ್ಟ್ರ ಜೊತೆ ಕೂತು ನೋಡಿ. ಹೋದ ಸಬ್ಜೆಕ್ಟನ್ನು ರಜೆಗೆ ಅಂತ ಎತ್ತಿಡದೆ ವಾರಕ್ಕೆ ಎರಡು ಸಂಜೆ ಅದಕ್ಕೇ ಮೀಸಲಿಡಿ. ಊಟ ಸೇರದೆ, ನಿದ್ದೆ ಬಾರದೆ ವಾರಗಟ್ಟಲೆ ಹೋದರೆ ಮೆಂಟರ್ ಆಗಿರುವ ಮೇಷ್ಟ್ರಿಗೋ ಮನೆಯವರಿಗೋ ಬಾಯಿಬಿಟ್ಟು ಹೇಳಿ. ರಾತ್ರಿಯೇ ಇರಲಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಎರಡನೇ ವರ್ಷದ ನಂತರ

ಡಿಪ್ಲೊಮಾ ಮುಗಿಸಿ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದವರು ನೇರ ಎರಡನೇ ವರ್ಷಕ್ಕೆ ಬರುತ್ತಾರೆ, ಇದಕ್ಕೆ ಲ್ಯಾಟರಲ್ ಎಂಟ್ರಿ ಅನ್ನುತ್ತಾರೆ. ಅವರ ಕೈಗೆ ಕೆಲಸ ಬರುತ್ತದೆ, ಗಣಿತ ಸ್ವಲ್ಪ ಕಷ್ಟ. ಪಿಯುಸಿಯಿಂದ ಬಂದವರದು ಇದರ ತಿರುವುಮುರುವು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಒಬ್ಬರಿಗೊಬ್ಬರು ಹೇಳಿಕೊಡುವುದನ್ನು ಕಂಡಾಗಲೆಲ್ಲ ನನಗೆ ಖುಷಿ. ಐಐಟಿಗಳು ಮತ್ತು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್ ಆನ್‌ಲೈನ್ ಪಾಠಗಳು ಉಚಿತ. ಕ್ಲಾಸಿನಲ್ಲಿ ಹಿಡಿಸದ ಒಂದು ಮಾಡ್ಯೂಲಿಗೆ ಅಲ್ಲಿನ ಎರಡು ಮೂರು ಪಾಠ ನೋಡಿ, ಆದರೆ ನೋಡಿದ ಮೇಲೂ ಮುಚ್ಚಿಟ್ಟು ಬರೆಯುವುದು ತಪ್ಪಬಾರದು. ವಿಟಿಯುನಲ್ಲಿ ಪದವಿಗೆ ಮುಂಚೆ 100 ಆಕ್ಟಿವಿಟಿ ಪಾಯಿಂಟ್ (ಪಾಠದ ಹೊರಗಿನ ಚಟುವಟಿಕೆಗಳಿಗೆ ಕೊಡುವ ಪಾಯಿಂಟು) ಆಗಬೇಕು, ಲ್ಯಾಟರಲ್ ಎಂಟ್ರಿಯವರಿಗೆ 75. ಕೊನೆಯ ಸೆಮಿಸ್ಟರಿಗೆ ಗುಡ್ಡೆ ಹಾಕಿಕೊಳ್ಳದೆ ವರ್ಷಕ್ಕಿಷ್ಟು ಅಂತ ಮುಗಿಸಿ.

ಪ್ರಾಜೆಕ್ಟಿಗೆ ದುಡ್ಡು ಕೊಟ್ಟು ತರುವ ಕಿಟ್ ಬೇಡ. ನಿಮ್ಮ ಊರಿನ ಒಂದು ತೊಂದರೆ ಹಿಡಿಯಿರಿ: ರಾತ್ರಿ ಕರೆಂಟ್ ಬಂದಾಗ ಎದ್ದು ಹೋಗಿ ಹಾಕಬೇಕಾದ ಪಂಪ್‌ಸೆಟ್ಟು, ಒಣಗಲು ಹಾಕಿದ ಅಡಿಕೆಗೆ ಬೀಳುವ ಮಳೆ, ಹಾಲಿನ ಡೈರಿಯ ಸಾಲು. ಚಿಕ್ಕದಾಗಿರಲಿ, ತಂಡದ ನಾಲ್ವರೂ ಸೇರಿ ನೀವೇ ಕಟ್ಟಿ. ಕಟ್ಟುವಾಗ ಸುಟ್ಟುಹೋದದ್ದು, ಓಡದೆ ನಿಂತದ್ದು, ಎಲ್ಲವನ್ನೂ ದಿನಾಂಕ ಹಾಕಿ ಒಂದು ಪುಸ್ತಕದಲ್ಲಿ ಬರೆದಿಡಿ. ಕೊನೆಯ ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಯಾವುದೋ ಒಂದು ರೆಸಿಸ್ಟರ್ ಕಡೆ ಬೆರಳು ತೋರಿಸಿ, "ಇದು ಇಲ್ಲಿ ಯಾಕಿದೆ?" ಅಂತ ಕೇಳುತ್ತಾರೆ. ಆ ಪುಸ್ತಕವನ್ನು ಮೇಜಿನ ಮೇಲೆ ಇಟ್ಟು, ಅದಿಲ್ಲದೆ ಮಾಡಿದಾಗ ಏನು ಸುಟ್ಟಿತು ಅನ್ನುವ ಪುಟ ತೆಗೆದು ತೋರಿಸಿ.